ಫ್ರಿಜ್ಜಿನಲ್ಲಿ ಸಿಕ್ಕ ಬೆರಳೆಲೆಯ ಸೊಪ್ಪು

ನಾನು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಕೂತು ಕೂತು ತಲೆಗೂದಲು ಉದುರಿಸಿಕೊಂಡವನು. ಲಾರಿಯೇ ಬಂದು ಕಾರಿಗೆ ಗುದ್ದಿತೋ, ಕಾರೇ ಹೋಗಿ ಲಾರಿಗೆ ಗುದ್ದಿತೋ ಎಂಬುದನ್ನು ಬರೀ ಫೋಟೋ ನೋಡಿ ಹೇಳಬಲ್ಲೆ. ಕಣ್ಣಿಟ್ಟು ನೋಡಿದರೆ ಈ ಜಗತ್ತಿನಲ್ಲಿ ನನಗೆ ಅರ್ಥವಾಗದ ವಸ್ತುವಿಲ್ಲ ಎಂದೇ ನಂಬಿದ್ದೆ.

ಅದಕ್ಕೆ ಒಂದೇ ಅಪವಾದ, ಮಗಳು ಸಹನಾ ಓದುತ್ತಿದ್ದ ಬಯೋಕೆಮಿಸ್ಟ್ರಿ. ಚೆನ್ನೈನ ಅಣ್ಣಾ ನಗರದಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲಿ. ಎಂ.ಎಸ್ಸಿ. ಸೇರಿದ ಮೇಲಂತೂ ಏನು ಓದ್ತಿದ್ದೀಯಮ್ಮಾ ಎಂದರೆ "ಅಪ್ಪಾ, ಉಂಗಳುಕ್ಕು ಪುರಿಯಾದು" ಎನ್ನುವಳು. ನಿಮಗೆ ಅರ್ಥವಾಗಲ್ಲ ಎಂದು! ಚಿಕ್ಕವಳಿದ್ದಾಗ ಮಿಂಚುಹುಳದಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದ ಹುಡುಗಿ. ನನಗೆ ನಿಜವಾಗಿಯೂ ಬೇಜಾರಾಗುತ್ತಿತ್ತು.

ಒಂದು ಶನಿವಾರ ಅದೃಷ್ಟ ಖುಲಾಯಿಸಿತು. ಸೋಮವಾರ ಅವಳು ಕಾಲೇಜಿನಲ್ಲಿ ಸೆಮಿನಾರ್ ಕೊಡಬೇಕಿತ್ತು. ಹೇಳಿ ನೋಡಲು ಕೇಳುಗರು ಬೇಕು. ಮನೆಯಲ್ಲಿ ಸುಮ್ಮನೆ ಕೂತವನು ನಾನೊಬ್ಬನೇ. ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಅವಳು ಹೇಳಿದ್ದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ನಾವು ಉಸಿರಾಡೋ ಆಕ್ಸಿಜನ್ ಇದೆಯಲ್ಲಪ್ಪಾ, ಅದರಿಂದ ಒಳಗೆ ಕೆಲವು ರೌಡಿ ಕಣಗಳು ಹುಟ್ಟುತ್ತೆ. ಸಿಕ್ಕಿದ್ದನ್ನೆಲ್ಲ ಹಾಳು ಮಾಡುತ್ತೆ."

"ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ?"

"ಹೆಚ್ಚುಕಮ್ಮಿ ಹಾಗೇ. ಅದನ್ನ ತಡೆಯೋಕೆ ದೇಹದಲ್ಲೇ ಕಾವಲು ಇರುತ್ತೆ. ರೌಡಿಗಳು ಜಾಸ್ತಿಯಾಗಿ ಕಾವಲು ಸಾಲದೇ ಹೋದ್ರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಒಂದು ಗಿಡದಲ್ಲಿ ಕ್ಯಾನಬಿಡಿಯಾಲ್ ಅಂತ ಒಂದು ಅಂಶ ಇದೆ. ಅದು ರೌಡಿಗಳನ್ನ ಹಿಡಿದು ಕೂರಿಸುತ್ತೆ, ಕಾವಲಿನವರನ್ನೂ ಎಬ್ಬಿಸುತ್ತೆ ಅಂತ ಕಾಣುತ್ತೆ. ಆದ್ರೆ ಇದೆಲ್ಲ ಲ್ಯಾಬಿನಲ್ಲಿ, ಜೀವಕೋಶದ ಮೇಲೆ. ಮನುಷ್ಯರಲ್ಲೂ ಹೀಗೇ ಅಂತ ಇನ್ನೂ ಹೇಳೋಕಾಗಲ್ಲ."

"ಯಾವ ಗಿಡಮ್ಮಾ?"

"ಗಾಂಜಾ."

ನನ್ನ ಕೈಯ ಕಾಫಿ ಪಂಚೆಯ ಮೇಲೆ ಬಿತ್ತು.

"ಮತ್ತು ಬರಿಸೋ ಅಂಶ ಬೇರೆಯಪ್ಪಾ. ಇದು ಮತ್ತು ಬರಿಸಲ್ಲ. ಗಿಡ ಒಂದೇ, ಅಂಶಗಳು ಬೇರೆ ಬೇರೆ" ಎಂದು ಬ್ರೌಸಿಂಗ್ ಸೆಂಟರಿನಿಂದ ತಂದ ಪ್ರಿಂಟು ತೋರಿಸಿದಳು. ಎಲೆಯ ಚಿತ್ರವಿತ್ತು. ಉದ್ದುದ್ದ ಬೆರಳು, ಅಂಚಿಗೆಲ್ಲ ಗರಗಸದ ಹಲ್ಲು.

"ಅಲ್ಲಮ್ಮಾ, ಗಿಡ ತನ್ನ ಪಾಡಿಗೆ ತಾನು ಬೆಳೆಯೋದು. ನಮ್ಮ ತುಕ್ಕಿನ ಚಿಂತೆ ಅದಕ್ಯಾಕೆ?" ಎಂದೆ. "ಒಳ್ಳೆ ಪ್ರಶ್ನೆ" ಎಂದು ಮಗಳು ನಕ್ಕಳು. ಅಷ್ಟಕ್ಕೇ ನಾನು ಉಬ್ಬಿಹೋದೆ.

ಮರುದಿನ ಬೆಳಿಗ್ಗೆ ಸೆಮಿನಾರಿಗೆ ಒಳ್ಳೆಯದಾಗಲೆಂದು ತಾಯಿ ಮಗಳು ವಡಪಳನಿಗೆ, ಮುರುಗನ ದರ್ಶನಕ್ಕೆ ಹೋದರು. ನಾನು ಮಜ್ಜಿಗೆಗೆಂದು ಫ್ರಿಜ್ಜು ತೆಗೆದೆ. ಒಳಗೆ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು. ಬಿಚ್ಚಿದೆ. ಉದ್ದುದ್ದ ಬೆರಳು, ಅಂಚಿಗೆಲ್ಲ ಗರಗಸದ ಹಲ್ಲು!

ಓಡಿ ಹೋಗಿ ಪ್ರಿಂಟು ತಂದು ಪಕ್ಕದಲ್ಲಿಟ್ಟೆ. ಕ್ಲೇಮು ವಿಭಾಗದ ಕಣ್ಣು ಸುಳ್ಳು ಹೇಳುವುದುಂಟೆ? ಅದೇ ಎಲೆ. ಪ್ರಯೋಗಕ್ಕೆಂದು ಹುಡುಗಿ ಮನೆಗೇ ತಂದುಬಿಟ್ಟಿದ್ದಾಳೆ.

ಭಯವಾಯಿತು. ಅದರ ಜೊತೆಗೇ, ನಾಚಿಕೆಯಿಲ್ಲದೆ ಹೇಳುತ್ತೇನೆ, ಕುತೂಹಲ. ನನ್ನೊಳಗೂ ಇಷ್ಟು ವರ್ಷದ ತುಕ್ಕಿದೆಯಲ್ಲ? ಒಂದೇ ಒಂದು ಎಲೆ ಬಾಯಿಗೆ ಹಾಕಿಕೊಂಡೆ. ಹುಳಿ ಅಂದರೆ ಹುಳಿ. ಆಶ್ಚರ್ಯವೆಂದರೆ ರುಚಿ ತೀರಾ ಪರಿಚಿತ. ಹಿಂದಿನ ಜನ್ಮದಲ್ಲಿ ನಾನು ಗಾಂಜಾ ಸೇದುವ ಬೈರಾಗಿಯಾಗಿದ್ದೆನೆ?

ನುಂಗಿದ ಮೇಲೆ ನೆನಪಾಯಿತು, ಗಿಡ ಒಂದೇ, ಅಂಶಗಳು ಬೇರೆ ಬೇರೆ. ಒಳ್ಳೆಯದರ ಜೊತೆಗೆ ಕೆಟ್ಟದ್ದೂ ಹೊಟ್ಟೆಗೆ ಹೋಗಿತ್ತು. ತಕ್ಷಣ ತಲೆ ತಿರುಗತೊಡಗಿತು. ಕ್ಯಾಲೆಂಡರಿನ ಲಕ್ಷ್ಮಿ ನನ್ನನ್ನೇ ನೋಡಿ ನಗುತ್ತಿದ್ದಂತೆ ಕಂಡಿತು. ಅವಳು ನಗುವುದು ದಿನವೂ ಇದ್ದದ್ದೇ. ಆದರೂ.

ನಮ್ಮ ಕೆಳಗಿನ ಮನೆಯಲ್ಲಿರುವವರು ರಿಟೈರಾದ ಪೊಲೀಸ್ ಇನ್ಸ್‌ಪೆಕ್ಟರು. ತಮಿಳರು, ನಮ್ಮ ಸಹವಾಸದಿಂದ ಅರೆಬರೆ ಕನ್ನಡ ಕಲಿತವರು. ಪ್ರತಿ ಭಾನುವಾರ ಪೇಪರು ಓದಲು ನಮ್ಮಲ್ಲಿಗೇ ಬರುತ್ತಾರೆ. ಅವರು ನೋಡಿದರೆ ಮಗಳ ಓದು, ಮಾನ, ಬದುಕು ಎಲ್ಲ ಮಣ್ಣುಪಾಲು. ಕಟ್ಟನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದೆ. ಕಮೋಡಿಗೆ ಹಾಕಿ ಫ್ಲಶ್ ಎಳೆದೆ. ಹೋಗಲಿಲ್ಲ. ಬಕೆಟ್ಟಿನಲ್ಲಿ ನೀರು ಸುರಿದೆ. ಸೊಪ್ಪು ಹೋಗುವುದಿರಲಿ, ಒಳಗಿನ ನೀರೇ ಉಕ್ಕಿ ಹೊರಗೆ ಬಂತು. ಗಾಬರಿಯಲ್ಲಿ ಇನ್ನೊಂದು ಬಕೆಟ್ ಸುರಿದೆ. ಬಚ್ಚಲು ಕೆರೆಯಾಯಿತು.

ಬೆಲ್ಲಾಯಿತು. ಬಾಗಿಲಲ್ಲಿ ಇನ್ಸ್‌ಪೆಕ್ಟರು, ಭುಜದ ಮೇಲೆ ಒದ್ದೆ ಟವೆಲು. "ಎನ್ನ ಸಾರ್, ನಮ್ಮ ಬಚ್ಚಲಿಗೆ ಮೇಲಿಂದ ತಣ್ಣಿ ಸುರೀತಿದೆ?" ಎಂದು ಸೀದಾ ಒಳಗೆ ನುಗ್ಗಿದರು. ಹಸಿರು ಕೆರೆಯ ಮುಂದೆ ನಿಂತರು.

ನಾನು ಎರಡೂ ಕೈ ಮುಂದೆ ಚಾಚಿದೆ. "ಸಾರ್, ನನ್ನನ್ನೇ ಹಿಡಿದುಕೊಂಡು ಹೋಗಿ. ತಂದವನು ನಾನು. ತಿಂದವನೂ ನಾನು. ಮಗಳಿಗೆ ಏನೂ ಗೊತ್ತಿಲ್ಲ."

ಅವರು ಬಗ್ಗಿ ಒಂದು ಎಲೆಯನ್ನು ಎತ್ತಿ ನೋಡಿದರು. ಆಮೇಲೆ ನನ್ನನ್ನು, ಕ್ಲೇಮು ಅರ್ಜಿಯನ್ನು ನಾನು ನೋಡುವ ಹಾಗೆ, ಮೇಲಿಂದ ಕೆಳಗೆ ನೋಡಿದರು.

"ಪುಳಿಚ್ಚಕೀರೈ ತಿಂದ್ರೆ ಯಾರು ಸಾರ್ ಹಿಡೀತಾರೆ?"

ಪುಳಿಚ್ಚಕೀರೈ ಎಂದರೆ ನಾವು ಹೇಳುವ ಪುಂಡಿಪಲ್ಯ. ಎಲೆ ಗಾಂಜಾದಂತೆಯೇ ಇರುತ್ತದಂತೆ. ಅವರು ಸರ್ವೀಸಿನಲ್ಲಿದ್ದಾಗ ಹೊಸ ಕಾನ್‌ಸ್ಟೇಬಲೊಬ್ಬ ಯಾರದೋ ಹೊಲದ ಸೊಪ್ಪನ್ನೆಲ್ಲ ಕಿತ್ತು ಸ್ಟೇಷನ್ನಿಗೆ ಹೊತ್ತು ತಂದಿದ್ದನಂತೆ. "ಅವನಿಗೆ ಇಪ್ಪತ್ತು ವಯಸ್ಸು ಸಾರ್" ಎಂದರು. ನನ್ನ ವಯಸ್ಸು ಕೇಳಲಿಲ್ಲ, ದೊಡ್ಡ ಮನುಷ್ಯರು. ಇಷ್ಟು ಹೊತ್ತಿಗೆ ನನ್ನ ತಲೆ ತಿರುಗುವುದು ತಾನಾಗಿಯೇ ನಿಂತಿತ್ತು.

ಅಷ್ಟರಲ್ಲಿ ತಾಯಿ ಮಗಳು ಬಂದರು. ನನ್ನ ಹೆಂಡತಿ ಗಿರಿಜಾ ರಾಯಚೂರಿನವಳು. ಪುಂಡಿಪಲ್ಯ, ಜೋಳದ ರೊಟ್ಟಿ ಇಲ್ಲದೆ ಅವಳಿಗೆ ವಾರ ಮುಗಿಯುವುದಿಲ್ಲ. ಮದುವೆಯಾದಾಗಿನಿಂದ ನಾನೂ ಬೆರಳು ಚೀಪಿಕೊಂಡು ತಿಂದವನೇ. ಆದರೆ ಬೆಂದು ಮುದ್ದೆಯಾದದ್ದನ್ನು ಬಿಟ್ಟು ಅದರ ಎಲೆ ಹೇಗಿರುತ್ತದೆಂದು ಒಂದು ದಿನವೂ ಅಡಿಗೆಮನೆಗೆ ಇಣುಕಿ ನೋಡಿರಲಿಲ್ಲ.

"ಪುರಸೈವಾಕ್ಕಂ ಮಾರ್ಕೆಟ್ಟಿನತನಕ ಹೋಗಿ ಹುಡುಕಿ ತಂದಿದ್ದೆ. ಅದನ್ನ ಒಯ್ದು ಎಲ್ಲಿ ಹಾಕೀರಿ ನೋಡ್ರಿ!" ಎಂದಳು ಗಿರಿಜಾ.

ಇನ್ಸ್‌ಪೆಕ್ಟರು ನಾನು ಕೈ ಚಾಚಿದ ಕಥೆಯನ್ನು ಅಭಿನಯದ ಸಮೇತ ಹೇಳಿದರು. ಸಹನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ತಟ್ಟನೆ ನಿಂತಳು.

"ಅಪ್ಪಾ, ನಿಜವಾಗ್ಲೂ ಜೈಲಿಗೆ ಹೋಗ್ತಿದ್ರಾ?"

"ಮತ್ತೆ? ನಿನಗೆ ನಾಳೆ ಸೆಮಿನಾರ್ ಇದೆಯಲ್ಲ" ಎಂದೆ.

ಅವಳು ಕೇಳಿದ್ದು ಕನ್ನಡದಲ್ಲಿ ಎಂಬುದು ನನಗೆ ಹೊಳೆದದ್ದು ಬಚ್ಚಲು ಬಳಿಯುವಾಗ.

ಸೋಮವಾರ ಅವಳು ಎರಡೂ ಎಲೆಗಳ ಚಿತ್ರ ತೋರಿಸಿಯೇ ಸೆಮಿನಾರ್ ಶುರುಮಾಡಿದಳಂತೆ. ಅರ್ಧ ಕ್ಲಾಸು ತಪ್ಪು ಹೇಳಿತಂತೆ. ಪುಂಡಿಪಲ್ಯಕ್ಕೇ ಮತ್ತೇರಿದ ಮನುಷ್ಯನ ಉದಾಹರಣೆ ಪ್ರೊಫೆಸರಿಗೆ ಬಹಳ ಹಿಡಿಸಿತಂತೆ. ರಾತ್ರಿ ಊಟಕ್ಕೆ ಮುಂಚೆ "ಬನ್ನಿ ಅಪ್ಪಾ, ಕೂತ್ಕೊಳ್ಳಿ. ಮೊನ್ನೆ ಗಿಡಕ್ಕೆ ಯಾಕೆ ನಮ್ಮ ಚಿಂತೆ ಅಂದ್ರಲ್ಲ? ಗಿಡಕ್ಕೂ ಬಿಸಿಲು, ಹುಳ ತಡ್ಕೊಳ್ಳೋದು ಇರುತ್ತೆ, ಅದಕ್ಕೇ ಅಂತಾರೆ" ಎಂದು ತಡವರಿಸುವ ಕನ್ನಡದಲ್ಲಿ ಎಲ್ಲವನ್ನೂ ವಿವರಿಸಿದಳು. ನನಗೆ ಮುಕ್ಕಾಲು ಅರ್ಥವಾಯಿತು. ಉಳಿದದ್ದಕ್ಕೆ ತಲೆಯಾಡಿಸಿದೆ.

ಗಿರಿಜಾ ತಟ್ಟೆ ತಂದಿಟ್ಟಳು. ರೊಟ್ಟಿಯ ಪಕ್ಕದಲ್ಲಿ ಹಸಿರು ಮುದ್ದೆ. "ಮೊದ್ಲು ಇದು ಏನಂತ ಹೇಳ್ರಿ, ಆಮ್ಯಾಲ ಉಣ್ರಿ."

ಕ್ಲೇಮು ವಿಭಾಗದ ಕಣ್ಣನ್ನು ಅದರ ಮೇಲೆ ನೆಟ್ಟು, ಕನ್ನಡಕ ಸರಿಪಡಿಸಿಕೊಂಡು, ಮಗಳ ಮುಂದೆ ಗಟ್ಟಿಯಾಗಿ ಹೇಳಿದೆ: "ಪುಂಡಿಪಲ್ಯ."

"ಅದನ್ನ ನಿನ್ನೆನ ಕಮೋಡಿನಾಗ ಹಾಕೀರಲ್ರೀ" ಎಂದಳು ಗಿರಿಜಾ. "ಇದು ಪಾಲಕ್."