ಕಿತ್ತಳೆ ಬಣ್ಣದ ಕೋವಿ

ಫೆಬ್ರವರಿ ಹನ್ನೊಂದು, ಭಾನುವಾರ, ಮಧ್ಯಾಹ್ನ ಒಂದೂವರೆ. ನನ್ನಂಥ ಗಂಭೀರ ಸ್ವಭಾವದವರಿಗೇ ಇಂಥವು ಮತ್ತೆ ಮತ್ತೆ ಏಕೆ ಒದಗುತ್ತವೆಯೋ ತಿಳಿಯದು. ಈಶ್ವರಮಂಗಲದ ನಾದಿನಿಯ ಮನೆಯಲ್ಲಿ ಊಟದ ಪಂಕ್ತಿ. ಪಾಯಸ ಬರುವ ಹೊತ್ತಿಗೆ ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು: “ಆಗೆಲ್ಲ ಟಿವಿಯಲ್ಲಿ ಬಾತು ಹೊಡೆಯುವ ಆಟ ಇತ್ತಲ್ಲ, ಅತ್ತಿಗೆಗೆ ಒಂದೇ ಒಂದು ಬಾತು ಬಿದ್ದದ್ದಿಲ್ಲ.”

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿದವಳು ನಾನು. ಪಾಯಸ ಬೇಡವೆಂದೆ. ಆ ಆಟದ ಯಂತ್ರವನ್ನು ಹುಡುಕಿ ತಂದು, ಅವಳ ಕಣ್ಣೆದುರೇ ಬಾತುಗಳನ್ನು ಕೆಡವುವುದೆಂದು ಸಂಕಲ್ಪಿಸಿದೆ.

ಖರೀದಿ

ಪುತ್ತೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು: ಟಿವಿಗೆ ಜೋಡಿಸುವ ಪೆಟ್ಟಿಗೆ, ಆಟದ ಕ್ಯಾಸೆಟ್ಟು, ತಂತಿಯಿರುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋವಿ.

“ಮೊಮ್ಮಕ್ಕಳಿಗಾ ಅಮ್ಮ?”

“ನನಗೆ. ಒಬ್ಬಳಿಗೆ ಪಾಠ ಕಲಿಸಲಿಕ್ಕುಂಟು.”

ಅಂಗಡಿಯವರು ಪೆಟ್ಟಿಗೆಯನ್ನು ನನ್ನ ಕೈಗಿತ್ತರು. ಕೋವಿಯನ್ನು ಮಾತ್ರ ಜೊತೆಗೆ ಬಂದಿದ್ದ ನನ್ನ ಪತಿಯ ಕೈಗೆ ಕೊಟ್ಟರು.

ಹನ್ನೊಂದು ದಿನ

ಆ ಕೋವಿ ಈಗಿನ ತೆಳು ಟಿವಿಗಳಲ್ಲಿ ಕೆಲಸ ಮಾಡದು. ಹಳೆಯ ಡಬ್ಬಾ ಟಿವಿಯೇ ಬೇಕು. ಸವಣೂರಿನ ಪರಿಚಿತ ಮಹಿಳೆಯೊಬ್ಬರ ಕೊಟ್ಟಿಗೆಯಲ್ಲಿ ಅಂಥದ್ದೊಂದಿತ್ತು.

“ಧಾರಾಳ ಕೊಂಡೋಗಿ ಅಕ್ಕ. ಆದ್ರೆ ಅದರ ಹಿಂದಿನ ಸಂದಿಯಲ್ಲಿ ಕೋಳಿ ಕಾವಿಗೆ ಕೂತಿದೆ. ಟಿವಿ ಎತ್ತಿದ್ರೆ ಅದು ಎದ್ದು ಹೋಗ್ತದೆ. ಇನ್ನು ಹನ್ನೊಂದು ದಿನ ಉಂಟು.”

ಬಾತುಗಳ ಸಂಹಾರಕ್ಕೆ ಹೊರಟವಳು ಕೋಳಿಯ ಹೆರಿಗೆಗಾಗಿ ಹನ್ನೊಂದು ದಿನ ಕಾದೆ.

ಉಸಿರು

ಎಲ್ಲ ಜೋಡಿಸಿದರೂ ಪರದೆಯ ಮೇಲೆ ಬರೀ ಗೆರೆಗಳು. ಕಡಬದಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪುಗಳನ್ನು ದುರಸ್ತಿ ಮಾಡುವ ಮೆಕ್ಯಾನಿಕರ ಬಳಿಗೆ ಟಿವಿ ಸಮೇತ ಹೋದೆ.

“ಕ್ಯಾಸೆಟ್ಟಿಗೆ ಊದಿ ನೋಡಿದ್ರಾ ಟೀಚರೆ?”

ಉಸಿರಿನ ತೇವಾಂಶದಿಂದ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆಂದೂ, ಊದುವುದು ಶುದ್ಧ ಅವೈಜ್ಞಾನಿಕವೆಂದೂ ಸವಿಸ್ತಾರವಾಗಿ ವಿವರಿಸಿದೆ. ಅವರು ಕೈಕಟ್ಟಿ ನಿಂತು ಪೂರ್ತಿ ಕೇಳಿದರು. ಅನಂತರ ಒಮ್ಮೆ ಊದಿದರು. ಬಾತುಗಳು ಹಾರಿದವು.

“ನೀವು ಹೇಳಿದ್ದು ಸರಿಯೇ ಟೀಚರೆ. ಮೆಷಿನಿಗೆ ಗೊತ್ತಿಲ್ಲ, ಅಷ್ಟೆ.”

ಠೇವಣಿ

ಒಂದು ತಿಂಗಳು ಅಭ್ಯಾಸ ಮಾಡಿದೆ. ಹತ್ತಕ್ಕೆ ಒಂಬತ್ತು ಬಾತು ಬೀಳತೊಡಗಿದಾಗ ನಾದಿನಿಯನ್ನು ಭಾನುವಾರದ ಊಟಕ್ಕೆ ಕರೆದೆ.

ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಬೆಳೆ ಕಾಯಲು ಕೋವಿ ಇಟ್ಟುಕೊಂಡಿರುವ ನಮ್ಮ ಕಡೆಯ ಕೃಷಿಕರು ಆಗೆಲ್ಲ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಪತಿಯೂ ತಮ್ಮ ಜೋಡುನಳಿಗೆಯ ಕೋವಿಯನ್ನು ಕೊಟ್ಟು ಬಂದರು. ಶನಿವಾರ ಕಪಾಟು ತೆರೆದರೆ ನನ್ನ ಕಿತ್ತಳೆ ಕೋವಿಯೂ ಇಲ್ಲ.

“ಅದನ್ನೂ ಕೊಟ್ಟೆ,” ಎಂದರು ಪತಿ.

“ಅದು ಪ್ಲಾಸ್ಟಿಕ್!”

“ಮನೆಯಲ್ಲಿರುವ ಎಲ್ಲ ಕೋವಿ ಅಂತ ನೋಟೀಸಿನಲ್ಲಿ ಉಂಟು. ಪ್ಲಾಸ್ಟಿಕ್ ಬಿಟ್ಟು ಅಂತ ಎಲ್ಲಿಯೂ ಇಲ್ಲ ಮಾರಾಯ್ತಿ.”

ರಸೀದಿಯಲ್ಲಿ ಹೀಗಿತ್ತು: ‘ಕೋವಿ ಒಂದು. ಬಣ್ಣ ಕಿತ್ತಳೆ. ನಳಿಗೆಗೆ ತೂತಿಲ್ಲ. ಹಿಡಿಯಿಂದ ತಂತಿ ಹೊರಟಿದೆ.’

ಠಾಣೆಗೆ ಧಾವಿಸಿದೆ.

“ಆಟಿಕೆ ಅಂತ ನಮಗೂ ಗೊತ್ತುಂಟು ಮೇಡಂ,” ಎಂದರು ಅಲ್ಲಿದ್ದವರು. “ಆದ್ರೆ ಪುಸ್ತಕದಲ್ಲಿ ಬರೆದಾಗಿದೆ. ಫಲಿತಾಂಶ ಬಂದ ಮೇಲೆ ಲೈಸೆನ್ಸ್ ತೋರಿಸಿ ಕೊಂಡೋಗಿ.”

“ಇದಕ್ಕೆ ಲೈಸೆನ್ಸ್ ಇಲ್ಲ.”

ಅವರು ಪೆನ್ನು ಕೆಳಗಿಟ್ಟರು. “ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೊಂಡಿದ್ರಾ?”

ಭಾನುವಾರ ನಾದಿನಿ ಬಂದಳು. ಪರದೆಯ ಮೇಲೆ ಬಾತುಗಳು ನಿರಾತಂಕವಾಗಿ ಹಾರಿಹೋದವು. ಆಕೆ ರಸೀದಿಯನ್ನು ಎರಡು ಸಲ ಓದಿದಳು.

“ಸೋಲುದು ಬೇಡ ಅಂತ ಕೋವಿಯನ್ನೇ ಪೊಲೀಸರಿಗೆ ಕೊಟ್ರಲ್ಲ ಅತ್ತಿಗೆ!” ಎಂದು ನಕ್ಕು, ಪಾಯಸವನ್ನು ಮತ್ತೊಮ್ಮೆ ಬಡಿಸಿಕೊಂಡಳು.

ಸೋಮವಾರ ಕೋವಿ ಲೈಸೆನ್ಸಿನ ಅರ್ಜಿ ತಂದೆ. ‘ಯಾವ ಕಾರಣಕ್ಕಾಗಿ’ ಎಂಬಲ್ಲಿ ಬೆಳೆ ರಕ್ಷಣೆ ಎಂದು ಬರೆದರೆ ಸುಳ್ಳಾಗುತ್ತದೆ. ‘ನಾದಿನಿ’ ಎಂದು ಬರೆಯಲು ನಿರ್ಧರಿಸಿದೆ.