ಬ್ರೆಡ್‌ಬೋರ್ಡಿನ ಮೂಲವೂ ನನ್ನ ದಬ್ಬಳವೂ

ನನಗೆ ಟೋಪಿ ಹಾಕುವ ಅಂಗಡಿಯವನು ಇನ್ನೂ ಹುಟ್ಟಿಲ್ಲ! ಆಫೀಸಿನಲ್ಲಿ ನಾನು ಖರೀದಿ ವಿಭಾಗದವನು. ಕುರ್ಚಿಯಿಂದ ಗುಂಡುಸೂಜಿಯವರೆಗೆ ಯಾವ ಸಾಮಾನೂ ನನ್ನ ಕಣ್ಣು ತಪ್ಪಿಸಿ ಒಳಗೆ ಬರುವಂತಿಲ್ಲ. ಅಸಲಿ ಯಾವುದು, ನಕಲಿ ಯಾವುದು ಎಂದು ಮೂಸಿಯೇ ಹೇಳಬಲ್ಲೆ ಎಂದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದವನು ನಾನು. ಆದ್ದರಿಂದ ಮಗಳು ಒಂದು ಬ್ರೆಡ್‌ಬೋರ್ಡ್ ಬೇಕೆಂದಾಗ, ಅದನ್ನು ತಯಾರಿಸಿದ ಮೂಲ ಪುರುಷನನ್ನೇ ಹಿಡಿದು ತರುತ್ತೇನೆ ಎಂದು ಊಟದ ಮೇಜಿನ ಮುಂದೆ ಘೋಷಿಸಿಬಿಟ್ಟೆ.

"ಬ್ರೆಡ್ ತಂದ್ಯಾ? ಮೆತ್ತಗಿದ್ಯಾ?" ಎಂದರು ಅಮ್ಮ.

ಎಲ್ಲಕ್ಕೂ ಕಾರಣ ಅಮ್ಮನ ಕಿವಿಯೇ. ಅದು ಈಚೆಗೆ ತೀರಾ ಮಂದವಾಗಿದೆ. ಕಿವಿಗೆ ಯಂತ್ರ ಕೊಡಿಸಿದರೆ, "ತಲೆಯೊಳಗೆ ಮಿಕ್ಸಿ ತಿರುಗಿಸಿದ ಹಾಗಾಗುತ್ತೆ" ಎಂದು ತೆಗೆದಿಟ್ಟಿದ್ದಾರೆ. ಹೋದ ತಿಂಗಳು ನಾವ್ಯಾರೂ ಮನೆಯಲ್ಲಿಲ್ಲದಾಗ ಅಮ್ಮನ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಬಂದು ಬೆಲ್ ಒತ್ತಿದ್ದಾರೆ. ಒತ್ತಿ ಒತ್ತಿ ಬೆರಳು ನೋಯಿಸಿಕೊಂಡಿದ್ದಾರೆ. ಕಿಟಕಿಯಲ್ಲಿ ಇಣುಕಿದರೆ ಅಕ್ಕ ಆರಾಮಾಗಿ ಕೂತು ಪೇಪರ್ ಓದುತ್ತಿದ್ದಾರೆ! "ನಾನು ಬಂದಿದ್ದು ಗೊತ್ತಿದ್ದೂ ಬಾಗಿಲು ತೆಗೀಲಿಲ್ಲ" ಎಂದು ಚಿಕ್ಕಮ್ಮ ಮಾತು ಬಿಟ್ಟರು. "ಅವಳು ಬಂದೇ ಇಲ್ಲ, ಬರೀ ಸುಳ್ಳು" ಎಂದು ಅಮ್ಮನೂ ಬಿಟ್ಟರು. ಹೊರಗೆ ಬಿಗುಮಾನ, ಒಳಗೊಳಗೇ ಕೊರಗು. ದಿನಾ ಫೋನಿನಲ್ಲಿ ಹರಟುತ್ತಿದ್ದ ಹೊತ್ತಿಗೆ ಸರಿಯಾಗಿ ಅಮ್ಮ ಫೋನಿನ ಪಕ್ಕ ಬಂದು ಸುಮ್ಮನೆ ಕೂರುತ್ತಿದ್ದರು. ನೋಡಲು ನನಗೆ ಸಂಕಟವಾಗುತ್ತಿತ್ತು.

ಮಗಳು ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಹೊರಗೆ ಬೆಲ್ ಒತ್ತಿದರೆ ಅಜ್ಜಿಯ ಮಂಚದ ಎದುರು ಕೆಂಪು ದೀಪ ಹತ್ತಬೇಕು, ಹಾಗೊಂದು ಏರ್ಪಾಟು ಮಾಡಿದಳು. ಅದನ್ನು ಜೋಡಿಸಿದ್ದು ಒಂದು ತೂತು ತೂತಿನ ಬಿಳಿ ಪ್ಲಾಸ್ಟಿಕ್ ಹಲಗೆಯ ಮೇಲೆ. ತೂತಿನೊಳಗೆ ತಂತಿ ಸಿಕ್ಕಿಸಿದರೆ ಒಳಗಿರುವ ಕ್ಲಿಪ್ಪು ಕಚ್ಚಿ ಹಿಡಿಯುತ್ತದೆ, ಬೆಸುಗೆ ಬೇಕಿಲ್ಲ. ಅದೇ ಬ್ರೆಡ್‌ಬೋರ್ಡ್.

"ಅಪ್ಪಾ, ಇದು ನನ್ನ ಫ್ರೆಂಡ್‌ದು, ವಾಪಸ್ ಕೊಡಬೇಕು. ಇಂಥದ್ದೇ ಒಂದು ತಂದ್ಕೊಡಿ. ಒಳ್ಳೇದಿರಲಿ, ಅಷ್ಟೇ."

ನಾನು ಬೋರ್ಡನ್ನು ಹಿಂದೆ ಮುಂದೆ ತಿರುಗಿಸಿದೆ. ಹೆಸರಿಲ್ಲ, ವಿಳಾಸವಿಲ್ಲ! "ಇದರ ಮೂಲ ತಯಾರಕ ಯಾರು ಅಂತ ಗೊತ್ತಾಗದೆ ಕೊಳ್ಳೋದು ಹೇಗೆ?"

"ರೀ, ಋಷಿಮೂಲ ನದೀಮೂಲ ಹುಡುಕಬಾರದು ಅಂತಾರೆ. ಆ ಪಟ್ಟಿಗೆ ಬೋರ್ಡಿನ ಮೂಲಾನೂ ಸೇರಿಸ್ಕೊಂಡು ಸುಮ್ನೆ ಒಂದು ತನ್ನಿ" ಎಂದಳು ಹೆಂಡತಿ.

ಸುಮ್ಮನೆ ತರುವುದು ನನ್ನ ಜಾಯಮಾನವಲ್ಲ. ಮೊದಲ ಅಂಗಡಿಯವನು, "ಒರಿಜಿನಲ್ ಸಾರ್" ಎಂದ. ಎರಡನೆಯವನು, "ಅವನದ್ದು ನಕಲಿ, ನಮ್ದು ಒರಿಜಿನಲ್" ಎಂದ. ಮೂರನೆಯವನು, "ಅವರಿಬ್ಬರಿಗೂ ಕೊಡೋನು ನಾನೇ" ಎಂದ. ನಾನು ಎಲ್ಲ ಕಡೆಯಿಂದಲೂ ಒಂದೊಂದು ಕೊಂಡು ತಂದು ಪರೀಕ್ಷೆಗೆ ಕೂತೆ. ನನ್ನ ಪರೀಕ್ಷೆ ಅಂದರೆ ಸಾಮಾನ್ಯವಲ್ಲ! ಗೋಣಿಚೀಲ ಹೊಲಿಯುವ ದಬ್ಬಳವನ್ನು ಒಂದೊಂದೇ ತೂತಿಗೆ ತೂರಿಸಿ, ದಾರಿ ಸರಾಗವಾಗಿದೆಯೇ ಎಂದು ಮೊದಲು ನೋಡುವುದು. ಆಮೇಲೆ ಮಗಳ ಸಣ್ಣ ತಂತಿ ಸಿಕ್ಕಿಸಿ, ಬೋರ್ಡನ್ನು ಬೋರಲು ಹಾಕಿ ಅಲ್ಲಾಡಿಸುವುದು. ಅಲ್ಲಾಡಿಸಿದರೆ ತಂತಿಗಳೆಲ್ಲ ಪುಳಪುಳನೆ ಉದುರಿದವು.

"ನಕಲಿ!" ಎಂದೆ.

ಎರಡನೆಯದೂ ಉದುರಿತು. ಮೂರನೆಯದೂ ಉದುರಿತು. ಇಡೀ ಪೇಟೆಯೇ ನಕಲಿ! ನನ್ನ ರಕ್ತ ಕುದಿಯಿತು. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಫೋನು, ಸಂಜೆ ಅಂಗಡಿ ಸುತ್ತಾಟ. ಅಂಗಡಿಯವನಿಂದ ಸಗಟು ವ್ಯಾಪಾರಿ, ಅವನಿಂದ ಅವನ ಮೇಲಿನವನು. ಎಲ್ಲರೂ 'ನಾವೇ ತಯಾರಕರು' ಎನ್ನುವವರೇ. ಕಾರ್ಖಾನೆ ಎಲ್ಲಿ ಎಂದು ಕೇಳಿದರೆ ಮಾತ್ರ ಎಲ್ಲರಿಗೂ ಅಮ್ಮನ ಕಿವಿ! ಮನೆಯಲ್ಲಿ ಕಪಾಟಿನ ಮೇಲೆ, ಮಂಚದ ಕೆಳಗೆ, ಎಲ್ಲಿ ನೋಡಿದರೂ ಬೋರ್ಡುಗಳೇ.

ಈ ನಡುವೆ ಹೆಂಡತಿ ಚಿಕ್ಕಮ್ಮನಿಗೆ ಫೋನ್ ಮಾಡಿ, ಭಾನುವಾರ ಬನ್ನಿ ಎಂದು ಅಂಗಲಾಚುತ್ತಿದ್ದುದು ನನ್ನ ಕಿವಿಗೆ ಬಿತ್ತು. ಮಾತಿಗೆ ಮಾತು ಬಂದು ನನ್ನ ಸುದ್ದಿಯೂ ಬಂತು. "ಇವರ ಕಥೆ ಏನು ಹೇಳಲಿ ಚಿಕ್ಕತ್ತೆ! ಮೂಲವ್ಯಾಧಿ ಹಿಡಿದುಬಿಟ್ಟಿದೆ. ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ!"

ಮೂಲ ಹುಡುಕುವ ನನ್ನ ವ್ಯಾಧಿಯನ್ನು ಆಡಿಕೊಂಡು ಅವಳೇ ನಕ್ಕಳು. ಆ ಕಡೆಯಿಂದ ನಗು ಬಂದಂತೆ ಕಾಣಲಿಲ್ಲ. ಫೋನಿಟ್ಟು ಹೆಂಡತಿ, "ಬರ್ತಾರಂತೆ ರೀ! 'ಅಕ್ಕನಿಗೋಸ್ಕರ ಅಲ್ಲ, ಆ ಹುಡುಗನ ಮುಖ ನೋಡಿ ಬರ್ತೀನಿ' ಅಂದ್ರು" ಎಂದಳು. ನನ್ನ ಮುಖಕ್ಕೆ ಇನ್ನೂ ಇಷ್ಟು ಬೆಲೆಯಿದೆಯಲ್ಲ ಎಂದು ನಾನು ಬೀಗಿದೆ.

ಶನಿವಾರ ಮಧ್ಯಾಹ್ನದವರೆಗೂ ಮೂಲ ಸಿಗಲಿಲ್ಲ. ಮಗಳ ದೀಪ ಗೆಳತಿಯ ಬೋರ್ಡಿನ ಮೇಲೆ ಚೆನ್ನಾಗಿಯೇ ಉರಿಯುತ್ತಿತ್ತು. ಅವಳು ಸ್ನಾನಕ್ಕೆ ಹೋದಾಗ ನನಗೊಂದು ಮಹಾ ಆಲೋಚನೆ ಹೊಳೆಯಿತು. ಬೋರ್ಡಿನ ಬೆನ್ನಿಗೆ ದಪ್ಪನೆಯ ಅಂಟುಕಾಗದವಿದೆ. ತಯಾರಕನ ಹೆಸರು ಅದರ ಕೆಳಗೇ ಯಾಕಿರಬಾರದು? ಬೋರ್ಡು ಎತ್ತಿಕೊಂಡೆ. ಅಂಟು ಬಲವಾಗಿತ್ತು. ನಾನು ಅದಕ್ಕಿಂತ ಬಲವಾಗಿ ಎಳೆದೆ.

ಪರ್ರ್! ಕಾಗದ ಬಂತು. ಕಾಗದದ ಜೊತೆ ಕ್ಲಿಪ್ಪುಗಳೂ ಬಂದವು. ನೆಲದ ಮೇಲೆ ಮೀನಿನ ಮುಳ್ಳುಗಳಂತೆ ಚೆಲ್ಲಾಡಿ, ಸಂದಿಗೊಂದಿ ಸೇರಿದವು. ತಂತಿಗಳು ಜೋತುಬಿದ್ದವು. ಹೆಸರಂತೂ ಇರಲೇ ಇಲ್ಲ.

ಮಗಳು ಒದ್ದೆ ತಲೆಯಲ್ಲೇ ಬಂದು ನಿಂತಳು. "ಅಪ್ಪಾ... ನಾಳೆ ಚಿಕ್ಕಜ್ಜಿ ಬರ್ತಾರೆ." ಅಷ್ಟೇ ಹೇಳಿದಳು. ಬೈದಿದ್ದರೆ ವಾಸಿಯಿತ್ತು. ನಾಳೆಯೂ ಬಾಗಿಲು ತೆರೆಯದಿದ್ದರೆ ಈ ಜನ್ಮದಲ್ಲಿ ಅಕ್ಕ ತಂಗಿ ಒಂದಾಗುವುದಿಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಅದೇ ಹೊತ್ತಿಗೆ ಫೋನ್ ಬಂತು. ಎಲ್ಲರಿಗಿಂತ ಮೇಲಿನವನಿಗೂ ಮೇಲಿನವರು! ಸಾಕ್ಷಾತ್ ಕಾರ್ಖಾನೆಯ ಯಜಮಾನರು! ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಸ್ವಾಮಿ, ಒಳ್ಳೇ ಬೋರ್ಡ್ ಮಾಡೋರು ನೀವೇನಾ?"

"ನಾವೇ. ನೀವು ತಗೊಂಡಿರೋ ಬೋರ್ಡುಗಳ ಫೋಟೋ ಕಳಿಸಿದ್ರಲ್ಲ, ಅವೆಲ್ಲಾ ನಮ್ಮವೇ. ಮಾಡೋದು ನಾವು, ಡಬ್ಬದ ಮೇಲೆ ಹೆಸರು ಹಾಕ್ಕೊಳ್ಳೋದು ಅವರು."

"ಅಂದ್ರೆ ಎಲ್ಲಾ ಅಸಲಿನಾ? ಮತ್ತೆ ಒಂದರಲ್ಲೂ ತಂತಿ ನಿಲ್ಲಲ್ವಲ್ಲ!"

"ಹಾಗಾಗಬಾರದು. ಅದರೊಳಗೆ ಏನು ಸಿಕ್ಕಿಸಿದ್ರಿ?"

"ಮೊದಲು ದಬ್ಬಳ..."

"ಗೋಣಿಚೀಲ ಹೊಲಿತಾರಲ್ಲ, ಆ ದಬ್ಬಳನಾ?" ಎಂದರು.

"ಹೂಂ."

"ಎಲ್ಲಾ ತೂತಿಗೂ?"

"ಒಂದೂ ಬಿಟ್ಟಿಲ್ಲ."

"ಸಾರ್, ಒಳಗಿನ ಕ್ಲಿಪ್ಪು ಒಂದ್ಸಲ ಅಷ್ಟು ಬಾಯಿ ಬಿಟ್ರೆ ಮತ್ತೆ ಮುಚ್ಚಲ್ಲ. ಬೋರ್ಡ್ ಚೆನ್ನಾಗೇ ಇತ್ತು. ಸಡಿಲ ಮಾಡಿದ್ದು ನೀವು."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. "ಅಂತೂ ಸಿಕ್ಕಿದ್ರಲ್ಲ ರೀ! ಪೇಟೆಯಲ್ಲಿರೋ ಲಡಾಸು ಬೋರ್ಡಿಗೆಲ್ಲಾ ಮೂಲ ತಯಾರಕರು ಮನೆಯಲ್ಲೇ ಇದ್ರು!"

ನಾನು ತಲೆ ತಗ್ಗಿಸಿ ನೆಲದ ಕ್ಲಿಪ್ಪುಗಳನ್ನು ಆರಿಸತೊಡಗಿದೆ. ಆರಿಸುತ್ತಾ ಆರಿಸುತ್ತಾ ಅಮ್ಮನ ಮಂಚದ ಕೆಳಗೆ ನುಸುಳಿದರೆ, ಮಂಚದ ಒಂದು ಕಾಲಿನಡಿ ಏನೋ ಬೆಳ್ಳಗೆ ಕಂಡಿತು. ಡಬ್ಬ ಒಡೆಯದ, ದಬ್ಬಳ ಕಾಣದ ಕನ್ಯೆ ಬೋರ್ಡು!

"ಅಮ್ಮಾ, ಇದ್ಯಾಕೆ ಇಲ್ಲಿದೆ?" ಎಂದು ಕಿರುಚಿದೆ.

"ಮಂಚ ಅಲ್ಲಾಡ್ತಿತ್ತು ಕಣೋ. ಮನೆ ತುಂಬಾ ಹಲಗೆ ತಂದು ಗುಡ್ಡೆ ಹಾಕಿದ್ದೀಯಲ್ಲ, ಒಂದು ಇಟ್ಕೊಂಡೆ. ಒಳ್ಳೇ ಗಟ್ಟಿ ಮಾಲು."

ಮಗಳು ಅದನ್ನು ನನ್ನ ಕೈಗೆ ಕೊಡದೆ ನೇರವಾಗಿ ತನ್ನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಳು. ಗೆಳತಿಯ ಬೋರ್ಡಿಗೆ ಕ್ಲಿಪ್ಪುಗಳನ್ನು ಒಂದೊಂದಾಗಿ ಮತ್ತೆ ಕೂರಿಸುವ ಶಿಕ್ಷೆ ನನಗಾಯಿತು.

ಭಾನುವಾರ ನಾವು ಮೂವರೂ ಅಡಿಗೆಮನೆಯಲ್ಲಿ ಉಸಿರು ಬಿಗಿಹಿಡಿದು ಅವಿತಿದ್ದೆವು. ಅಮ್ಮ ಮಂಚದ ಮೇಲೆ ಪೇಪರ್ ಹಿಡಿದಿದ್ದರು. ಬೆಲ್ ಆಯಿತು. ಕೆಂಪು ದೀಪ ಝಗ್ಗನೆ ಹತ್ತಿತು! ಅಮ್ಮ ಪೇಪರ್ ಬಿಸಾಡಿ, ಆ ವಯಸ್ಸಿಗೆ ಸಲ್ಲದ ವೇಗದಲ್ಲಿ ಹೋಗಿ ಬಾಗಿಲು ತೆರೆದರು. ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡಿದರು.

"ಹೋದ ಸಲ ನಿಜವಾಗ್ಲೂ ಬಂದಿದ್ಯೇನೇ?" ಎಂದರು ಅಮ್ಮ.

"ನಿಜವಾಗ್ಲೂ ಕೇಳಿಸ್ಲಿಲ್ವೇನೇ ಅಕ್ಕಾ?" ಎಂದರು ಚಿಕ್ಕಮ್ಮ.

ಇಬ್ಬರೂ ಅತ್ತರು. ಅಡಿಗೆಮನೆಯಿಂದ ಹೊರಬಂದ ನನ್ನ ಕಣ್ಣೂ ಒದ್ದೆಯಾಯಿತು. ಚಿಕ್ಕಮ್ಮ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. ಅವರ ಕಂಕುಳಲ್ಲಿ ಗಾಳಿ ತುಂಬಿದ, ನಡುವೆ ತೂತಿರುವ ದುಂಡನೆಯ ರಬ್ಬರ್ ದಿಂಬು!

"ಪಾಪ, ನಿಂತೇ ಇದ್ದೀಯಲ್ಲೋ! ಕೂರೋಕೇ ಆಗಲ್ವಂತೆ? ತಗೋ, ನಮ್ಮನೆಯವರಿಗೂ ಇದರಿಂದಲೇ ಸುಖವಾಗಿದ್ದು. ಮೂಲವ್ಯಾಧಿಗೆ ನಾಚಿಕೆ ಪಟ್ಕೊಂಡ್ರೆ ಆಗುತ್ತೇನೋ?"

"ಚಿಕ್ಕಮ್ಮಾ, ಅದು ಆ ಮೂಲ ಅಲ್ಲ, ಬೋರ್ಡಿನ..."

"ಬೋರ್ಡಿನ ಮೇಲೆ ಕೂತೇ ಬಂದಿರೋದು! ಗಟ್ಟಿ ಹಲಗೆ ಮೇಲೆ ಕೂರಬಾರದು ಕಣೋ, ಇದರ ಮೇಲೆ ಕೂರು."

ದಿಂಬು ಈಸಿಕೊಂಡೆ. ಒಳ್ಳೇ ಮಾಲು. ಅಭ್ಯಾಸಬಲ, ಯಾರು ಮಾಡಿದ್ದಿರಬಹುದು ಎಂದು ಕೈ ತಾನಾಗಿ ಅದನ್ನು ತಿರುವಿಹಾಕಿ ಬೆನ್ನು ತಡವಿತು.

ಹಿಂದಿನಿಂದ ಹೆಂಡತಿಯ ಮೆತ್ತನೆಯ ದನಿ ಕೇಳಿಸಿತು. "ರೀ, ದಬ್ಬಳ ತಂದ್ಕೊಡಲಾ?"

ನಾನು ದಿಂಬನ್ನು ಕುರ್ಚಿಯ ಮೇಲಿಟ್ಟು ತೆಪ್ಪಗೆ ಕೂತೆ.