ಕುಂಬಳಕಾಯಿ ಬಿಟ್ಟು ಏರ್ಕಾಡಿಗೆ

ಲೋಕದ ಜನ ಪ್ರವಾಸಕ್ಕೆ ಹೋಗುವುದು ಏನನ್ನಾದರೂ ನೋಡಿ ಬರಲಿಕ್ಕೆ. ನಾವು ಹೋದದ್ದು ಯಾರಿಗೂ ಕಾಣಿಸದೆ ಬರಲಿಕ್ಕೆ. ಎರಡನೆಯದು ಮೊದಲನೆಯದಕ್ಕಿಂತ ಬಹಳ ಕಷ್ಟ, ಅದರಲ್ಲೂ ಅತ್ತೆ ಜೊತೆಗಿದ್ದರೆ. ಮೊದಲೇ ನಮ್ಮ ಮನೆತನದಲ್ಲಿ ‘ಸುಮ್ಮನೆ ಹೋಗಿ ಬರುವುದು’ ಎಂಬ ಪದ್ಧತಿಯೇ ಇಲ್ಲ. ಪಟ್ಟಂದೂರು ಅಗ್ರಹಾರದ ಹಳೇ ಕುಳಗಳು ನಾವು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತೇವೆ, ಅಷ್ಟೇ ವ್ಯತ್ಯಾಸ. ಊರು ಬಿಟ್ಟು ಹೊರಡಬೇಕೆಂದರೆ ಆ ಕಡೆ ಒಂದು ದೇವರಿರಬೇಕು, ಇಲ್ಲವೇ ಮದುವೆ, ಅದೂ ಇಲ್ಲವೆಂದರೆ ತಿಥಿ. ಬರೀ ಬೆಟ್ಟ ನೋಡಲು ಯಾರಾದರೂ ಪೆಟ್ರೋಲು ಸುಡುತ್ತಾರೆಯೇ? ನಮ್ಮ ಬಾಡಿಗೆದಾರ ಹುಡುಗರು ಶುಕ್ರವಾರ ಸಂಜೆಯಾದರೆ ಬೆನ್ನಿಗೆ ಚೀಲ ಏರಿಸಿಕೊಂಡು ಹೊರಡುವುದನ್ನು ನೋಡಿ ನಮ್ಮತ್ತೆ ಬಹಳ ದಿನ ಮರುಗುತ್ತಿದ್ದರು. “ಪಾಪ, ಆ ಉಡುಗುರ್ ಮನೇಲಿ ವಾರ ವಾರ ಯಾರೋ ಒಬ್ರು ಸಾಯ್ತಾರೆ ಕಣಮ್ಮಿ.”

ಇಂಥ ಮನೆಯಲ್ಲಿ ಒಂದು ದಿನ ನಾನು, “ಈ ಶನಿವಾರ ಏರ್ಕಾಡಿಗೆ ಹೋಗಿಬರೋಣ, ಬೆಟ್ಟ ಚೆನ್ನಾಗಿದೆಯಂತೆ” ಎಂದುಬಿಟ್ಟೆ. ನಮ್ಮ ಯಜಮಾನರೂ ಅತ್ತೆಯೂ ಊಟ ನಿಲ್ಲಿಸಿ ನನ್ನ ಮುಖ ನೋಡಿದರು. ನಿಜ ಏನೆಂದರೆ ನನಗೆ ಬೆಟ್ಟವೂ ಬೇಕಿರಲಿಲ್ಲ, ಅದರ ಮೇಲಿನ ಮಂಜೂ ಬೇಕಿರಲಿಲ್ಲ. ಬೇಕಾಗಿದ್ದದ್ದು ಬೆಟ್ಟದ ಬುಡದಲ್ಲಿರುವ ಸೇಲಂನ ಒಂದು ಫುಟ್ಬಾಲ್ ಮೈದಾನ. ಅಲ್ಲಿಗೆ ಹೋಗಬಾರದೆಂದು ನಮಗೆಲ್ಲ ನಿಷೇಧವಿತ್ತು.

ನಿಷೇಧ ಹಾಕಿದ್ದು ನಮ್ಮ ಮಗಳು ಚೈತ್ರ. ಡಿಗ್ರಿ ಎರಡನೇ ವರ್ಷ, ಕಾಲೇಜಿನ ಹುಡುಗಿಯರ ಫುಟ್ಬಾಲ್ ತಂಡದಲ್ಲಿ ಗೋಲ್ ಕೀಪರ್. ಕೀಪರ್ ಎಂದರೆ ಬದಲಿ ಕೀಪರ್; ನಿಜವಾದ ಕೀಪರ್ ಗೋಲಿನಲ್ಲಿ ನಿಂತಿದ್ದರೆ ಇವಳು ಬೆಂಚಿನ ಮೇಲೆ ಕೂತು ಗ್ಲೂಕೋಸ್ ನೀರು ಕುಡಿಯಬೇಕು. ಹೋದ ವರ್ಷವೆಲ್ಲ ಅದನ್ನೇ ಶ್ರದ್ಧೆಯಿಂದ ಮಾಡಿದ್ದಳು. ಒಮ್ಮೆ ವೈಟ್‌ಫೀಲ್ಡಿನಲ್ಲೇ ಮ್ಯಾಚಿದೆ ಎಂದು ನಾವೆಲ್ಲ ಹೋಗಿದ್ದೆವು. ನಮ್ಮತ್ತೆ ಅಂದೇ ಮೊದಲ ಸಲ ಗೋಲ್ ಕಂಬ ನೋಡಿದ್ದು. ಬಹಳ ಹೊತ್ತು ದಿಟ್ಟಿಸಿ, “ಇದೇನಮ್ಮಿ, ಬಾಗ್ಲೇ ಇಲ್ದಿರೋ ಮನೆ ಇದ್ದಂಗೈತೆ. ನಾಳೆ ನಮ್ ಕೂಸು ಇದರ ಮುಂದೆ ನಿಂತ್ಕಬೇಕಾ? ದೃಷ್ಟಿಗೆ ಒಂದೂ ಕಟ್ಟಿಲ್ವಲ್ಲ!” ಎಂದರು. ನಮ್ಮ ಕಡೆ ಕಕ್ಕಸಿನ ಗೋಡೆ ಎದ್ದರೂ ಬೂದುಗುಂಬಳಕಾಯಿ ಒಡೆಯದೆ ಬಿಡುವುದಿಲ್ಲ. ಆದರೂ ಅವರು ಅಷ್ಟು ದೂರ ಹೋಗುತ್ತಾರೆಂದು ನನಗೆ ಹೊಳೆಯಲಿಲ್ಲ. ಅರ್ಧ ಆಟ ಮುಗಿದು ಎಲ್ಲರೂ ನೀರು ಕುಡಿಯುತ್ತಿದ್ದಾಗ ಹೊರಗಿನ ತರಕಾರಿ ಗಾಡಿಯಿಂದ ದೊಡ್ಡದೊಂದು ಬೂದುಗುಂಬಳಕಾಯಿ ತಂದು, ತೂತು ಕೊರೆದು ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಇಳಿ ತೆಗೆದು, ಗೋಲಿನ ಮುಂದೆ ಅಪ್ಪಳಿಸಿದರು. ಒಳಗೆ ತುಂಬಿದ್ದ ಕುಂಕುಮ ಹುಲ್ಲೆಲ್ಲ ಹರಡಿತು. ರೆಫ್ರಿ ಓಡಿ ಬಂದು, ಹಳದಿ ಕಾರ್ಡು ತೋರಿಸಬೇಕೋ ಕೆಂಪು ಕಾರ್ಡು ತೋರಿಸಬೇಕೋ ತಿಳಿಯದೆ ಎರಡನ್ನೂ ಕೈಯಲ್ಲಿ ಹಿಡಿದು ನಿಂತುಬಿಟ್ಟ. ಅತ್ತೆ ಅವನಿಗೂ ಒಂದು ನಿಂಬೆಹಣ್ಣು ಕೊಟ್ಟು, “ನಿಂಗೂ ಒಳ್ಳೇದಾಗ್ಲಿ ಓಗಪ್ಪ” ಎಂದು ಹರಸಿದರು. ಆಟ ಮತ್ತೆ ಶುರುವಾದ ಮೇಲೆ ಅದೇ ಜಾಗದಲ್ಲಿ ಜಾರಿ ಬಿದ್ದವಳು ನಮ್ಮ ತಂಡದವಳೇ. ಗೋಲೂ ಆಯಿತು. ಅಂದಿನಿಂದ ಕಾಲೇಜಿನಲ್ಲಿ ನಮ್ಮ ಮಗಳ ಹೆಸರು ‘ಕುಂಬಳ’.

ಆಮೇಲೆ ತಿಂಗಳುಗಟ್ಟಲೆ ಮ್ಯಾಚಿನ ಸುದ್ದಿಯೇ ಮನೆಯಲ್ಲಿ ಬರಲಿಲ್ಲ. ಕೊನೆಗೊಂದು ದಿನ ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತಾ ಅವಳೇ ಹೇಳಿದಳು: “ಶನಿವಾರ ಸೇಲಂನಲ್ಲಿ ಮ್ಯಾಚು. ನಮ್ ಸೀನಿಯರ್ ಕೀಪರ್ ಬೆರಳು ಮುರ್ಕೊಂಡಿದ್ದಾಳೆ. ಫಸ್ಟಿಂದ ನಾನೇ ನಿಂತ್ಕೊಳ್ಳೋದು. ಹತ್ತು ಗಂಟೆಗೆ ಸ್ಟಾರ್ಟು. ನೀರಿನ ಟ್ಯಾಂಕ್ ಪಕ್ಕ ಗೇಟಂತೆ, ಕಾರ್ ನಿಲ್ಲಿಸೋಕೂ ಜಾಗ ಇದೆಯಂತೆ. ಯಾರೂ ಬರ್ಬೇಡಿ. ಬಂದ್ರೆ ನಾನು ಗ್ರೌಂಡಿಗೇ ಇಳಿಯಲ್ಲ.”

ನಾನು ಆಗಲಿ ಎಂದು ತಲೆಯಾಡಿಸಿದೆ. ಆದರೆ ಒಂದು ವರ್ಷದಿಂದ ಅವಳ ಗ್ಲೌಸು ಒಗೆದಿದ್ದೇನೆ. ಅಭ್ಯಾಸದಲ್ಲಿ ಸ್ವಲ್ಪ ಬೆವರು ಬಿಟ್ಟರೆ ಮ್ಯಾಚಿನ ಮಣ್ಣು ಒಂದು ಸಲವೂ ಅದಕ್ಕೆ ಹತ್ತಿದ್ದಿಲ್ಲ. ಅದು ಮಣ್ಣಾಗುವುದನ್ನು ನಾನು ನನ್ನ ಕಣ್ಣಿನಿಂದ ನೋಡಬೇಕಿತ್ತು. ಇಷ್ಟೇ ನನ್ನ ಆಸೆ. ಫೋನಿನಲ್ಲಿ ನಕ್ಷೆ ತೆಗೆದರೆ ಸೇಲಂ ಪಕ್ಕದಲ್ಲೇ ಏರ್ಕಾಡು ಕಂಡಿತು. ನನಗೆ ಅಷ್ಟು ಸಾಕಾಯಿತು. ನಮ್ಮ ಯಜಮಾನರನ್ನು ಅಡಿಗೆಮನೆಗೆ ಕರೆದು ನಿಜ ವಿಷಯ ಹೇಳಿದೆ. “ಅವಳು ಬರಬೇಡಿ ಅಂದಿದ್ದಾಳಲ್ಲೇ” ಎಂದರು. “ಮ್ಯಾಚಿಗೆ ಬೇಡ ಅಂದಿದ್ದಾಳೆ. ಏರ್ಕಾಡಿಗೆ ಬೇಡ ಅಂದ್ಲಾ?” ಎಂದೆ. ಜಮೀನಿನ ಕೇಸುಗಳಲ್ಲಿ ವರ್ಷಗಟ್ಟಲೆ ಕೋರ್ಟು ಸುತ್ತಿದ ಮನುಷ್ಯ, ಪಾಯಿಂಟು ಹಿಡಿಸಿತು. ಬಾಡಿಗೆದಾರರಿಗೆ ನೀರಿನ ಮೋಟಾರು ಯಾರು ಹಾಕುತ್ತಾರೆ ಎಂದು ಒಂದು ದಿನವೆಲ್ಲ ಪೇಚಾಡಿ, ಕೊನೆಗೆ ಸ್ವಿಚ್ಚು ಇರುವ ಜಾಗವನ್ನು ಕೆಳಗಿನ ಮನೆಯವರಿಗೆ ತೋರಿಸಿಕೊಟ್ಟರು. ಆ ಸ್ವಿಚ್ಚನ್ನು ಅವರು ಬೇರೆಯವರ ಕೈಗೆ ಕೊಟ್ಟಿದ್ದನ್ನು ನಾನು ನಮ್ಮ ಮದುವೆಯಾದ ಮೇಲೆ ನೋಡಿದ್ದೇ ಇಲ್ಲ.

ಉಳಿದವರು ಅತ್ತೆ. ಅವರನ್ನು ಬಿಟ್ಟು ಹೋಗುವುದೆಂದೇ ನನ್ನ ಲೆಕ್ಕ. “ಅಲ್ಲಿ ಯಾವ ದೇವ್ರೈತೆ?” ಎಂದು ಕೇಳಿದರು. ಇಲ್ಲ ಎನ್ನಬೇಕಿತ್ತು. ಆದರೆ ದೇವರಿಲ್ಲದ ಊರಿಗೆ ಸೊಸೆ ಯಾಕೆ ಹೊರಟಳು ಎಂದು ಓಣಿಯಲ್ಲೆಲ್ಲ ಮಾತಾಗುತ್ತದೆ ಎಂದು ಹೆದರಿ, “ಬೆಟ್ಟದ ತುದೀಲಿ ಗುಹೆಯೊಳಗೆ ದೇವರಿದೆಯಂತೆ” ಎಂದುಬಿಟ್ಟೆ. “ಅಂಗಾದ್ರೆ ನಾನೂ ಬತ್ತೀನಿ” ಎಂದು ಎದ್ದು ಹೋಗಿ ಸೀರೆ ತೆಗೆದಿಟ್ಟರು. ನನ್ನ ಬುದ್ಧಿವಂತಿಕೆ ನನ್ನ ಕಾಲಿಗೇ ತೊಡರಿತು.

ಚೈತ್ರ ಶುಕ್ರವಾರವೇ ತಂಡದ ಬಸ್ಸಿನಲ್ಲಿ ಹೋದಳು. ನಾವು ಶನಿವಾರ ಕೋಳಿ ಕೂಗುವ ಮೊದಲೇ, ಚಕ್ರಗಳ ಕೆಳಗೆ ನಿಂಬೆಹಣ್ಣು ಚಚ್ಚಿ ಹೊರಟೆವು. ನಮ್ಮ ಕಡೆಯವರಿಗೆ ಮೈಲಿ, ಕಿಲೋಮೀಟರು ಗೊತ್ತಾಗುವುದಿಲ್ಲ. ಮನೆಯಿಂದ ಮಾರ್ಕೆಟ್ಟು ಒಂದು ಗಂಟೆ, ಬೊಮ್ಮನಹಳ್ಳಿಯ ತಂಗಿ ಮನೆ ಎರಡು ಗಂಟೆ, ಮಳೆ ಬಂದರೆ ದೇವರೇ ಗತಿ. ಆ ಲೆಕ್ಕದಲ್ಲಿ ಸೇಲಂಗೆ ಹಿಂದಿನ ವಾರವೇ ಹೊರಡಬೇಕಿತ್ತು. ಸರ್ಜಾಪುರದ ಮೇಲೆ ಅತ್ತಿಬೆಲೆಗೆ ಬಂದಾಗ ಅತ್ತೆ “ಊವ ತಗೋಬೇಕು” ಎಂದು ಕಾರು ನಿಲ್ಲಿಸಿ ಇಳಿದರು. ವಾಪಸು ಬಂದಾಗ ಮೆಟ್ರೊ ಸ್ಟೇಷನ್ನಿನಲ್ಲಿ ತಪಾಸಣೆಗೆ ನಿಂತ ಹೆಣ್ಣುಮಗಳಂತೆ ನಾನು ಅವರ ಚೀಲವನ್ನು ತಡಕಿ ನೋಡಿದೆ. ಸೇವಂತಿಗೆ, ಪುರಿ, ಕರ್ಪೂರ; ಕುಂಬಳಕಾಯಿ ಇಲ್ಲ. “ಏನಮ್ಮಿ ಉಡುಕ್ತಾ ಇದ್ದೀಯ?” ಎಂದರು. “ಏನಿಲ್ಲ ಅತ್ತೆ, ಬಾಚಣಿಗೆ” ಎಂದು ಹೆರಳು ಮುಟ್ಟಿ ನೋಡಿಕೊಂಡೆ. ಅತ್ತಿಬೆಲೆ ದಾಟಿದ ಮೇಲೆ ಯಜಮಾನರಿಗೆ ಗಾಬರಿ ಶುರುವಾಯಿತು. ಮುಂದೆ ರಸ್ತೆ ಖಾಲಿ, ಹಿಂದೆಯೂ ಖಾಲಿ. “ಏನೇ ಇದು, ಒಬ್ರೂ ಹಾರನ್ನೇ ಹೊಡೀತಿಲ್ಲ. ಇವತ್ತೇನಾದ್ರೂ ಬಂದ್ ಇದೆಯಾ?” ಎಂದು ಎರಡು ಕಡೆ ನಿಲ್ಲಿಸಿ ವಿಚಾರಿಸಿದರು.

ಇಷ್ಟಾದರೂ ಮೈದಾನಕ್ಕೆ ನಾವೇ ಮೊದಲು. ಎಲ್ಲಿ ಕೂತರೆ ಮಗಳ ಕಣ್ಣಿಗೆ ಬೀಳುವುದಿಲ್ಲ ಎಂದು ಯೋಚಿಸಿ, ಎದುರಾಳಿ ಕಾಲೇಜಿನವರು ಕೂರುವ ಕಡೆ ನುಗ್ಗಿದೆವು. ಅವರದು ಹಸಿರು ಬಣ್ಣ, ನಮ್ಮದು ಹಳದಿ. ಅಲ್ಲಿನ ಹುಡುಗಿಯೊಬ್ಬಳು ನಗುತ್ತಾ ಬಂದು ನಮ್ಮ ಮೂವರ ಕೈಗೂ ಒಂದೊಂದು ಹಸಿರು ಬಾವುಟ ಕೊಟ್ಟಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಅಲ್ಲಿಂದ ನಮ್ಮ ಪಾಡು ಯಾರಿಗೂ ಬೇಡ. ಚೈತ್ರ ಚೆಂಡು ಹಿಡಿದಾಗಲೆಲ್ಲ ಸುತ್ತಲಿನವರು “ಅಯ್ಯೋ” ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಗುಟ್ಟು ಬಯಲಾಗಬಾರದೆಂದು ನಾನೂ ಚಚ್ಚಿಕೊಂಡೆ. ಒಳಗೆ ಹಿಗ್ಗು, ಹೊರಗೆ ಗೋಳು. ಇಷ್ಟು ದೊಡ್ಡ ಕಂಬಗಳ ನಡುವೆ ನನ್ನ ಮಗಳು ಒಬ್ಬಳೇ ನಿಂತಿದ್ದಾಳಲ್ಲ ಎಂದು ಕಣ್ಣು ತುಂಬಿ ಬಂದದ್ದಂತೂ ನಟನೆಯಲ್ಲ. ಯಜಮಾನರು ಮಾತ್ರ ನೆಮ್ಮದಿಯಾಗಿದ್ದರು. ಆಟ ನೋಡುವ ಬದಲು ಮೈದಾನವನ್ನು ಕಣ್ಣಳತೆ ಹಾಕಿ, “ಇದರಲ್ಲಿ ಎಷ್ಟು ಪಿಜಿ ಕಟ್ಟಬಹುದು ಗೊತ್ತಾ?” ಎಂದು ಪಕ್ಕದವನಿಗೆ ಕನ್ನಡದಲ್ಲೇ ವಿವರಿಸುತ್ತಿದ್ದರು. ಆತನೂ ತಮಿಳಿನಲ್ಲಿ ಹೌದು ಹೌದು ಎನ್ನುತ್ತಿದ್ದ.

ನಮ್ಮವರು ಒಂದು ಗೋಲು ಹೊಡೆದರು. ನಾವು ಮೂವರು ಸೂತಕದ ಮುಖ ಮಾಡಿಕೊಂಡೆವು. ಅವರು ಒಂದು ಹೊಡೆದರು. ಇಡೀ ಸಾಲು ಎದ್ದು ಕುಣಿಯಿತು, ಕೂತಿದ್ದರೆ ಅನುಮಾನ ಬರುತ್ತದೆಂದು ನಾವೂ ಎದ್ದು ಚಪ್ಪಾಳೆ ತಟ್ಟಿದೆವು. ನನ್ನ ಮಗಳು ಬಲೆಯೊಳಗಿಂದ ಚೆಂಡು ಎತ್ತಿಕೊಳ್ಳುತ್ತಿದ್ದಾಗ ನಾನು ಹಸಿರು ಬಾವುಟ ಬೀಸುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ನಮ್ಮವಳೊಬ್ಬಳ ಕೈಗೆ ಚೆಂಡು ತಗಲಿ, ಅವರಿಗೆ ಪೆನಾಲ್ಟಿ ಸಿಕ್ಕಿತು. ಚೈತ್ರ ಒಬ್ಬಳು, ಹೊಡೆಯುವವಳು ಒಬ್ಬಳು. ಸುತ್ತ ಪಿನ್ನು ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಆಗ ನನ್ನ ಪಕ್ಕದಿಂದ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಪಳಗಿದ ಗಂಟಲೊಂದು ಎದ್ದಿತು:

“ಬಾಗ್ಲು ಆಕ್ಕಳೇ ಚೈತ್ರೀ!”

ಚೆಂಡು ಹೊರಟಿತು. ಮಗಳು ಎಡಕ್ಕೆ ಹಾರಿದಳು. ಅಂಗೈಗೆ ಬಡಿದ ಚೆಂಡು ಕಂಬದಾಚೆ ಹೋಯಿತು. ಸುತ್ತಲಿನವರೆಲ್ಲ “ಅಯ್ಯೋ” ಎಂದರು, ಅಭ್ಯಾಸಬಲದಿಂದ ನಾನೂ ಎರಡೂ ಕೈ ತಲೆಯ ಮೇಲಿಟ್ಟುಕೊಂಡೆ. ಆಟ ಸಮವಾಗಿ ಮುಗಿಯಿತು. ಕಳ್ಳರ ಹಾಗೆ ಕಾರು ಹತ್ತಿ, ಅತ್ತೆಯ ಬಾಯಿಗೆ ಪುರಿ ತುಂಬಿ, ಬೆಟ್ಟದ ತಿರುವುಗಳನ್ನು ಏರಿಬಿಟ್ಟೆವು. “ನಮ್ಮನ್ನ ನೋಡಲಿಲ್ಲ, ಅಲ್ವಾ?” ಎಂದು ನಾನು ಕೇಳುತ್ತಲೇ ಇದ್ದೆ. “ಚಾನ್ಸೇ ಇಲ್ಲ” ಎಂದು ಯಜಮಾನರು ಹೇಳುತ್ತಲೇ ಇದ್ದರು.

ಗುಹೆಯ ದೇವರಿಗೆ ಕೈಮುಗಿದು, ಕಣಿವೆ ಕಾಣುವ ಜಾಗಕ್ಕೆ ಬಂದೆವು. ನಿಜವಾಗಿಯೂ ಚೆನ್ನಾಗಿತ್ತು. ಮೋಡ ಕಾಲ ಕೆಳಗೆ ಹೋಗುತ್ತಿತ್ತು. ಯಜಮಾನರು ಅದಕ್ಕೂ ಸೈಟಿನ ರೇಟು ಹೇಳುವಷ್ಟರಲ್ಲಿ ಹಿಂದೆ ಒಂದು ಬಸ್ಸು ನಿಂತಿತು. ಅದರಿಂದ ಹಳದಿ ಅಂಗಿಯ ಹುಡುಗಿಯರು ಒಬ್ಬೊಬ್ಬರಾಗಿ ಇಳಿದರು. ಸೇಲಂ ಪಕ್ಕದಲ್ಲಿ ಏರ್ಕಾಡಿದೆ ಎಂಬುದು ನಕ್ಷೆಯಲ್ಲಿ ಅವರ ಕೋಚಿಗೂ ಕಾಣಿಸುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಚೈತ್ರ ಸೊಂಟದ ಮೇಲೆ ಕೈಯಿಟ್ಟು ನಮ್ಮೆದುರು ನಿಂತಳು. “ನಾವು ದೇವ್ರಿಗೆ ಬಂದ್ವಿ ಕಣೇ” ಎಂದೆ. “ಕೈಯಲ್ಲಿ ಅದೇನಮ್ಮ?” ಎಂದಳು. ಹಸಿರು ಬಾವುಟ ಇನ್ನೂ ನನ್ನ ಕೈಯಲ್ಲೇ ಇತ್ತು.

“ಹೋಗ್ಲಿ ಬಿಡೇ, ಬೇಡ ಅಂದ್ರೂ ಬಂದಿದ್ದು ತಪ್ಪಾಯ್ತು” ಎಂದರು ಯಜಮಾನರು.

“ಅಪ್ಪ, ಬರ್ಬೇಡಿ ಅನ್ನೋದಾಗಿದ್ರೆ ಪಾರ್ಕಿಂಗ್ ಎಲ್ಲಿದೆ ಅಂತ ಯಾಕೆ ಹೇಳ್ತಿದ್ದೆ? ವಾರ್ಮ್ ಅಪ್ಪಿಂದಾನೂ ನಿಮ್ಮನ್ನೇ ಹುಡುಕ್ತಿದ್ದೆ. ನಮ್ ಕಡೆ ಎಲ್ಲ ನೋಡಿದೆ, ಒಬ್ರೂ ಇಲ್ಲ. ಅಳು ಬಂದ್ಬಿಡ್ತು. ಆಮೇಲೆ ನೋಡಿದ್ರೆ ಅವರ ಕಡೆ ಕೂತು, ನನಗೆ ಗೋಲ್ ಆದಾಗ ಚಪ್ಪಾಳೆ ತಟ್ತಿದ್ದೀರ! ಬಂದಿದ್ದಕ್ಕೆ ಕೋಪ ಇಲ್ಲ ಕಣಮ್ಮ. ಅದಕ್ಕೆ ಕೋಪ.”

ಅಷ್ಟರಲ್ಲಿ ಅತ್ತೆ ಮುಂದೆ ಬಂದರು. ಅಲ್ಲಿನ ಗಾಡಿಯಲ್ಲಿ ಕುಂಬಳಕಾಯಿ ಸಿಕ್ಕಿರಲಿಲ್ಲವಂತೆ, ಸಿಕ್ಕಿದ್ದು ಸೀಮೆಬದನೆಕಾಯಿ. ಮೊಮ್ಮಗಳಿಗೆ ಮೂರು ಸುತ್ತು ಇಳಿ ತೆಗೆದು, “ಎಲ್ರ ಕಣ್ಣೂ ಓಗ್ಲಿ” ಎಂದು ಶಕ್ತಿಯೆಲ್ಲ ಹಾಕಿ ಬಂಡೆಗೆ ಎಸೆದರು. ಸೀಮೆಬದನೆ ಒಡೆಯುವ ಜಾತಿಯಲ್ಲ. ಪುಟಿದು ಹಿಂದಕ್ಕೆ ಹಾರಿತು. ಚೈತ್ರ ಅರೆಕ್ಷಣವೂ ಯೋಚಿಸದೆ ಬಲಕ್ಕೆ ಜಿಗಿದು ಎರಡೂ ಕೈಯಲ್ಲಿ ಹಿಡಿದುಬಿಟ್ಟಳು. ಇಡೀ ತಂಡ “ಕುಂಬಳಾ! ಕುಂಬಳಾ!” ಎಂದು ಕುಣಿಯಿತು. “ತೆಗೆದ ದೃಷ್ಟೀನ ಯಾರಾದ್ರೂ ಇಡ್ಕಂತಾರೇನೇ ಮುಂಡೇದೆ!” ಎಂದು ಅತ್ತೆ ಹಣೆ ಚಚ್ಚಿಕೊಂಡರು. ಮಗಳು ನಗಲಿಕ್ಕೆ ಶುರುಮಾಡಿದಳು, ನನ್ನ ಎದೆಯ ಭಾರವೂ ಇಳಿಯಿತು.

ಭಾನುವಾರ ಬೆಳಿಗ್ಗೆ ಅವಳ ಗ್ಲೌಸು ಒಗೆಯಲು ಕೂತೆ. ಕೆಂಪು ಮಣ್ಣು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನನಗೂ ಪೂರ್ತಿ ತೆಗೆಯಲು ಮನಸ್ಸಿರಲಿಲ್ಲ. ಆಗಲೇ ಬೊಮ್ಮನಹಳ್ಳಿಯ ತಂಗಿ ಫೋನು ಮಾಡಿದಳು. ಚೈತ್ರಳ ಗೆಳತಿಯೊಬ್ಬಳು ಆ ಪೆನಾಲ್ಟಿಯನ್ನು ವಿಡಿಯೋ ಮಾಡಿದ್ದಳಂತೆ; ಯಜಮಾನರು ಹೆಮ್ಮೆಯಿಂದ, ನನಗೊಂದು ಮಾತೂ ಹೇಳದೆ, ಅದನ್ನು ನೆಂಟರಿಷ್ಟರ ಗ್ರೂಪಿಗೆಲ್ಲ ಹಾಕಿದ್ದರು. ತೆಗೆದು ನೋಡಿದೆ. ಮುಂದೆ ಮಗಳು ಹಾರಿ ಚೆಂಡು ತಡೆಯುತ್ತಿದ್ದಾಳೆ. ಅವಳ ಹಿಂದೆ, ಹಸಿರು ಸಾಲಿನ ನಟ್ಟನಡುವೆ, ಲೋಕದ ದುಃಖವೆಲ್ಲ ತನ್ನದೇ ಎಂಬಂತೆ ತಲೆಯ ಮೇಲೆ ಕೈಹೊತ್ತು ನಿಂತಿರುವವಳು ನಾನು.

“ಅಕ್ಕಾ, ಮಗಳು ಗೋಲ್ ತಡೆದ್ರೆ ನಿಂಗ್ಯಾಕೆ ಅಷ್ಟು ಸಂಕಟ? ಊರೋರೆಲ್ಲ ನಂಗೆ ಫೋನ್ ಮಾಡಿ ಕೇಳ್ತಾವ್ರೆ, ತಾಯಿ ಮಗಳಿಗೆ ಜಗಳನಾ ಅಂತ” ಎಂದಳು ತಂಗಿ.

“ನಟನೆ ಕಣೇ ಅದು. ಚೈತ್ರಂಗೆ ಗೊತ್ತಾಗಬಾರ್ದು ಅಂತ” ಎಂದೆ.

“ಅವಳಿಗೆ ಗೊತ್ತಾಗಲಿಲ್ವಾ?”

“ಮೊದಲೇ ಗೊತ್ತಾಗಿತ್ತಂತೆ.”

“ಮತ್ತೆ ಅಷ್ಟೊಂದು ಚೆನ್ನಾಗಿ ಯಾರಿಗೋಸ್ಕರ ನಟನೆ ಮಾಡ್ದೆ?” ಎಂದಳು ತಂಗಿ. ನಾನು ಕೈಯಲ್ಲಿ ಸೋಪಿದೆ ಎಂದು ಹೇಳಿ ಫೋನಿಟ್ಟೆ.